ಮಣ್ಣಿನ ಹೊಣೆ ಯಾರದು?

ಮಂಠಾಳ ಬಸವಕಲ್ಯಾಣ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬಸವಕಲ್ಯಾಣ–ಹುಮನಾಬಾದ್ ಸೀಮೆಯಲ್ಲಿ ಕಾಣುವುದು ಮುಖ್ಯವಾಗಿ ಎರಡು ಬಗೆಯ ನೆಲ: ತೇವ ಹಿಡಿದಿಡುವ ಎರೆಭೂಮಿ ಮತ್ತು ಜಂಬಿಟ್ಟಿಗೆಯ ಮೇಲೆ ತೆಳುವಾಗಿ ಹರಡಿದ ಕೆಂಪು ಮಣ್ಣು. ವರ್ಷಕ್ಕೆ ಸುಮಾರು 850 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ತೊಗರಿ, ಉದ್ದು, ಹೆಸರು, ಸೋಯಾ ಮುಂಗಾರಿನ ಬೆಳೆಗಳು. ಕಡಲೆ, ಬಿಳಿಜೋಳ ಹಿಂಗಾರಿನವು. ನೀರಿನ ಅನುಕೂಲ ಇದ್ದಲ್ಲಿ ಕಬ್ಬು.

ಬದು ಇಲ್ಲದ ಇಳಿಜಾರಿನ ಹೊಲದಲ್ಲಿ ಜೋರು ಮಳೆ ಬಿದ್ದರೆ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಹೋಗಲು ಕೆಲವೇ ಮಳೆಗಾಲ ಸಾಕು. ಮೇಲಿನ ಹೊಲದ ಮಣ್ಣು ಕೆಳಗಿನ ಕೆರೆಯಲ್ಲಿ ಹೂಳಾಗುತ್ತದೆ. ಒಬ್ಬರ ಆಳದ ಬೋರ್‌ವೆಲ್ ನೆರೆಯವರ ಬಾವಿಯನ್ನು ಬತ್ತಿಸುತ್ತದೆ. ಪಹಣಿಯಲ್ಲಿ ಹೊಲಕ್ಕೆ ಗಡಿ ಇದೆ, ಹರಿಯುವ ನೀರಿಗೂ ಕೊಚ್ಚುವ ಮಣ್ಣಿಗೂ ಆ ಗಡಿ ಇಲ್ಲ. ನೆಲದ ಆರೈಕೆ ನೀತಿಯ ಪ್ರಶ್ನೆಯಾಗುವುದು ಇಲ್ಲಿಂದಲೇ. ಹೊಲದ ಒಡೆಯ ನೆರೆಯವರಿಗೂ ಮುಂದಿನ ಪೀಳಿಗೆಗೂ ಉತ್ತರ ಹೇಳಬೇಕಾಗುತ್ತದೆ. 12ನೇ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟರು: ದುಡಿದು ಪಡೆದದ್ದರಲ್ಲಿ ಸಮಾಜದ ಪಾಲೂ ಇದೆ. 1976ರ 42ನೇ ತಿದ್ದುಪಡಿಯ ನಂತರ ಸಂವಿಧಾನವೂ ಪರಿಸರ ರಕ್ಷಣೆಯನ್ನು ಸರ್ಕಾರದ ಹೊಣೆಯೆಂದೂ (48ಎ ವಿಧಿ) ಪ್ರಜೆಯ ಕರ್ತವ್ಯವೆಂದೂ (51ಎ ವಿಧಿ) ಹೇಳುತ್ತದೆ.

ಆದರೆ ರೈತ ಏನು ಬಿತ್ತುತ್ತಾನೆ ಎಂಬುದನ್ನು ಅವನ ನೀತಿಪ್ರಜ್ಞೆ ಒಂದೇ ತೀರ್ಮಾನಿಸುವುದಿಲ್ಲ. ಕಬ್ಬಿಗೆ ಒಂದು ಹಂಗಾಮಿನಲ್ಲಿ 1,500ರಿಂದ 2,500 ಮಿ.ಮೀ. ನೀರು ಬೇಕು, ಜೋಳಕ್ಕೆ 450ರಿಂದ 650 ಮಿ.ಮೀ. ಸಾಕು. ಈ ಸೀಮೆಯ ಮಳೆ ಜೋಳಕ್ಕೆ ಹೊಂದುತ್ತದೆ, ಕಬ್ಬಿಗೆ ಸಾಲದು. ಆದರೂ ಕಬ್ಬು ಹಬ್ಬುವುದಕ್ಕೆ ಕಾರಣವಿದೆ. ಕಬ್ಬಿಗೆ ಕೇಂದ್ರ ಸರ್ಕಾರ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ನಿಗದಿ ಮಾಡುತ್ತದೆ, ಕೊಳ್ಳಲು ಕಾರ್ಖಾನೆ ಇದೆ. ಜೋಳಕ್ಕೆ ಬೆಂಬಲ ಬೆಲೆ ಘೋಷಣೆಯಾದರೂ ಖರೀದಿ ಅಷ್ಟು ಖಚಿತವಲ್ಲ. ಇಂಥ ಬೆಲೆನೀತಿ ಇಟ್ಟುಕೊಂಡು ನೀರು ಪೋಲಾಯಿತೆಂದು ರೈತನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಇದರ ಕಹಿ ಫಲ ಕಂಡದ್ದು ನೆರೆಯ ಲಾತೂರಿನಲ್ಲಿ. ಕಬ್ಬು ಬೆಳೆಯುವ ಮಾಂಜ್ರಾ ಕಣಿವೆಯ ಆ ನಗರಕ್ಕೆ 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು.

ಕಾನೂನಿನ ಸ್ಥಿತಿಯೂ ಗೋಜಲಾಗಿದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದ ಅಂತರ್ಜಲವನ್ನು ಹೊಲದ ಒಡೆಯನ ಹಕ್ಕಿನ ಜೊತೆ ಕಟ್ಟಲಾಗಿದೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಕೊಳವೆಬಾವಿಗಳಿಗೆ ನಿಯಂತ್ರಣ ತಂದಿತು, ಆದರೆ ನೀರನ್ನು ಹಂಚಿಕೊಳ್ಳುವ ಪದ್ಧತಿಯನ್ನು ಊರು ತಾನೇ ರೂಢಿಸಿಕೊಳ್ಳಬೇಕು. 1974ರ ಭೂಸುಧಾರಣೆ ಉಳುವವನಿಗೆ ಒಡೆತನ ಕೊಟ್ಟಿತು, ಗೇಣಿಯನ್ನು ನಿಷೇಧಿಸಿತು. ಆದ್ದರಿಂದ ಇಂದು ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡುವವರ ಒಪ್ಪಂದ ಬಾಯಿಮಾತಿನದು. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಬದು ಹಾಕಿಸಲು, ತಿಪ್ಪೆಗೊಬ್ಬರ ಹೇರಲು ಹಣ ಸುರಿಯಲಾರ. ಕಳೆ, ಬಿತ್ತನೆ, ರಾಶಿಯ ದುಡಿಮೆಯಲ್ಲಿ ಮುಂದಿರುವ ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿ ಅಪರೂಪ. ಹೀಗಾಗಿ ಸಾಲ, ಸಹಾಯಧನದ ಬಾಗಿಲು ಅವರಿಗೆ ಸುಲಭವಾಗಿ ತೆರೆಯದು. ಇದರ ಮೇಲೆ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ಒಕ್ಕಲುತನ ಮಾಡದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು.

ಗಾಯರಾಣದ, ಅಂದರೆ ಊರ ಗೋಮಾಳದ, ಪ್ರಶ್ನೆ ಬೇರೆ ಬಗೆಯದು. ನೂರು ಜಾನುವಾರುಗಳಿಗೆ 30 ಎಕರೆ ಗೋಮಾಳ ಉಳಿಸಬೇಕೆಂದು ಕರ್ನಾಟಕದ ಭೂಕಂದಾಯ ನಿಯಮಗಳು ಹೇಳುತ್ತವೆ. ಊರ ಸಾಮಾನ್ಯ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ಸೂಚಿಸಿತು. ಹೊಲವಿಲ್ಲದ ಮನೆಗೆ ಮೇವು, ಉರುವಲು ಸಿಗುವುದು ಈ ನೆಲದಿಂದ. ಅದು ಕೈತಪ್ಪಿದರೆ ಮೊದಲ ಪೆಟ್ಟು ಬಡವರಿಗೆ.

ಬೇರೆ ದಾರಿ ಸಾಧ್ಯ ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಹುಮನಾಬಾದ್‌ನಿಂದ ಹೈದರಾಬಾದ್ ರಸ್ತೆ ಹಿಡಿದರೆ ಸಿಗುವ ಜಹೀರಾಬಾದ್ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಬಹುಪಾಲು ದಲಿತ ಮಹಿಳೆಯರ ಸಂಘಗಳನ್ನು ಕಟ್ಟಿತು. ಅದನ್ನು ಮುನ್ನಡೆಸಿದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಸಂಘದ ಮಹಿಳೆಯರು ಬೀಳುಬಿದ್ದ ಹೊಲಗಳನ್ನು ಸಾಲ ಪಡೆದು ಸಾಗು ಮಾಡಿದರು, ಸಾಲವನ್ನು ಜೋಳದ ಕಾಳಿನಲ್ಲೇ ತೀರಿಸಿದರು. ಊರಲ್ಲಿ ಬಡವರು ಯಾರೆಂದು ತಾವೇ ಪಟ್ಟಿ ಮಾಡಿ ಆ ಕಾಳನ್ನು ಅಗ್ಗಕ್ಕೆ ಹಂಚಿದರು. ಒಂದೇ ಹೊಲದಲ್ಲಿ ಹತ್ತಾರು ಬೆಳೆ ಬಿತ್ತಿ, ಬೀಜವನ್ನು ಮನೆಯಲ್ಲೇ ಉಳಿಸಿಕೊಂಡರು. 2008ರಲ್ಲಿ ಅವರದೇ ಸಂಘಂ ರೇಡಿಯೋ ಆರಂಭವಾಯಿತು, 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸಾಲ, ಬೀಜ, ಪಡಿತರ ಮೂರರ ತೀರ್ಮಾನವೂ ದುಡಿಯುವವರ ಕೈಗೆ ಬಂದದ್ದರಿಂದಲೇ ಅಲ್ಲಿ ಮಣ್ಣಿನ ಆರೈಕೆ ನಡೆಯಿತು.

ಮಂಠಾಳ ಸೀಮೆಯ ನೆಲವೂ ಅದೇ, ಬೆಳೆಯೂ ಹೆಚ್ಚುಕಡಿಮೆ ಅದೇ. ಬಿಳಿಜೋಳಕ್ಕೆ ಖಚಿತ ಖರೀದಿ, ಲಾವಣಿ ರೈತನಿಗೆ ಬರವಣಿಗೆಯ ಭದ್ರತೆ, ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು, ಗಾಯರಾಣದ ಅಳತೆ, ಬೋರ್‌ವೆಲ್ ಬಗ್ಗೆ ಗ್ರಾಮಸಭೆಯಲ್ಲಿ ಚರ್ಚೆ ಇಲ್ಲಿಯೂ ಆಗಬೇಕಾದ ಕೆಲಸಗಳು. ಮಣ್ಣು ಉಳಿಸಿರೆಂದು ರೈತನಿಗೆ ಹೇಳುವ ಸರ್ಕಾರವೂ ಸಮಾಜವೂ ಉಳಿಸುವವನಿಗೆ ಬದುಕಲು ಬೇಕಾದ ಬೆಲೆ ಮತ್ತು ಹಕ್ಕನ್ನು ಮೊದಲು ಕೊಡಬೇಕು.