ಒಂದೇ ನೊಗ

ಉತ್ತರ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಯಲ್ಲಿಯೇ ಉಳಿಯಬೇಕೆಂಬುದು ಅಲ್ಲಿಯ ಬಹುಪಾಲು ಪ್ರಾಟೆಸ್ಟೆಂಟರ ಅಭಿಲಾಷೆ. ಐರ್ಲೆಂಡ್ ದ್ವೀಪವೆಲ್ಲವೂ ಒಂದೇ ರಾಷ್ಟ್ರವಾಗಬೇಕೆಂಬುದು ಬಹುಪಾಲು ಕ್ಯಾಥೊಲಿಕರ ಹಂಬಲ. ಕ್ರೈಸ್ತ ಮತದ ಈ ಎರಡು ಪಂಗಡಗಳ ಕಲಹವು ಮೂವತ್ತು ವರ್ಷಗಳಲ್ಲಿ ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡಿತು.

1998ರ ಏಪ್ರಿಲ್ 10ರಂದು ಬೆಲ್‌ಫಾಸ್ಟ್ ನಗರದಲ್ಲಿ ಶಾಂತಿ ಒಪ್ಪಂದವಾಯಿತು. ಮರುತಿಂಗಳು ಶೇಕಡಾ 71ರಷ್ಟು ಮತದಾರರು ಅದನ್ನು ಅನುಮೋದಿಸಿದರು. ಆದರೆ ಆಗಸ್ಟ್ 15ರಂದು, ಸಂಧಾನವನ್ನು ಒಪ್ಪದ ಗುಂಪೊಂದು ಓಮಾ ಪಟ್ಟಣದಲ್ಲಿ ಇಟ್ಟ ಬಾಂಬು 29 ಮಂದಿಯನ್ನು ಕೊಂದಿತು. ಮಡಿದವರಲ್ಲಿ ಎರಡೂ ಪಂಗಡದವರಿದ್ದರು. ಆದರೂ ಒಪ್ಪಂದವು ಮುರಿಯಲಿಲ್ಲ.

ಅದರ ಜೀವಾಳವೇ ಅಧಿಕಾರದ ಹಂಚಿಕೆ. ಮುಖ್ಯಮಂತ್ರಿ ಒಂದು ಬಣದವರಾದರೆ ಉಪಮುಖ್ಯಮಂತ್ರಿ ಇನ್ನೊಂದು ಬಣದವರು. ಇಬ್ಬರಿಗೂ ಅಧಿಕಾರ ಸಮಾನ. ಒಬ್ಬರು ರಾಜೀನಾಮೆಯಿತ್ತರೆ ಇನ್ನೊಬ್ಬರ ಸ್ಥಾನವೂ ಉಳಿಯದು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮಲಗಿದರೆ ಬಂಡಿಯೇ ನಿಲ್ಲುವಂತೆ, ಪಕ್ಷಗಳ ಹಟದಿಂದ ಅಲ್ಲಿಯ ಆಡಳಿತವು ಹಲವು ಬಾರಿ ನಿಂತುಹೋಯಿತು. 2002ರಲ್ಲಿ ನಿಂತದ್ದು ಮತ್ತೆ ಚಲಿಸಿದ್ದು 2007ರ ಮೇ 8ರಂದು. ಒಪ್ಪಂದವನ್ನು ಉಗ್ರವಾಗಿ ವಿರೋಧಿಸಿದ್ದ ಪಾದ್ರಿ ಇಯಾನ್ ಪೇಸ್ಲಿ ಅವರೂ, ಹಿಂದೆ ಸಶಸ್ತ್ರ ಹೋರಾಟದ ಮುಂದಾಳಾಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಅವರೂ ಅಂದು ಜೊತೆಯಾಗಿ ಅಧಿಕಾರ ವಹಿಸಿಕೊಂಡರು.

2017ರಲ್ಲಿಯೂ 2022ರಲ್ಲಿಯೂ ಬಂಡಿ ಮತ್ತೆ ನಿಂತಿತು, 2024ರಲ್ಲಿ ಹೊರಟಿತು. ನಿಂತಾಗಲೂ ಹಿಂದಿನ ರಕ್ತಪಾತ ಮರುಕಳಿಸಲಿಲ್ಲ. ಸಭೆಯಲ್ಲಿ ನಡೆಯುವ ಜಗಳ ಎಷ್ಟೇ ದೀರ್ಘವಾದರೂ, ಅದು ಬೀದಿಯಲ್ಲಿ ಹೆಣ ಉರುಳಿಸುವುದಿಲ್ಲ.