ಯಾವ ಬೇಗೂರು? ಎಐ ಏಜೆಂಟ್‌ಗೆ ತಿಳಿಯೋದು ಹೇಗೆ

ಮೈಸೂರಲ್ಲಿ ಓದೋ ಹುಡುಗನೊಬ್ಬ ಅಪ್ಪನಿಗೋಸ್ಕರ ಎಐ ಏಜೆಂಟನ್ನ ಕೇಳ್ತಾನೆ ಅಂದ್ಕೊಳ್ಳಿ: "ಬೇಗೂರಲ್ಲಿ ನಾಳೆ ಮಳೆ ಬರುತ್ತಾ? ಹತ್ತಿಗೆ ಔಷಧಿ ಹೊಡೀಬೇಕು." ಅವನೂರು ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರು. ಆದ್ರೆ ಗುಂಡ್ಲುಪೇಟೆ ತಾಲ್ಲೂಕಲ್ಲೂ ಒಂದು ಬೇಗೂರಿದೆ, ಬೆಂಗಳೂರಲ್ಲೂ ಇದೆ.

ಏಜೆಂಟ್ ಹವಾಮಾನದ ಟೂಲ್ ಒಂದನ್ನ ಬಳಸುತ್ತೆ. ಆ ಟೂಲನ್ನ ಯಾವಾಗ, ಹೇಗೆ ಬಳಸಬೇಕು ಅನ್ನೋದಕ್ಕೆ ಅದರ ಮುಂದಿರೋದು ಡೆವಲಪರ್ ಬರೆದಿಟ್ಟ ನಾಲ್ಕು ಸಾಲಿನ ವಿವರಣೆ. ಅದರಲ್ಲಿ "ಊರಿನ ಹೆಸರು ಕೊಡಿ" ಅಂತಷ್ಟೇ ಇದ್ರೆ? ಬೆಂಗಳೂರಿನ ಬಿಸಿಲು ನಂಬಿ ಇಲ್ಲಿ ಔಷಧಿ ಹೊಡೆದು, ಸಂಜೆ ಮಳೆಗೆ ತೊಳೆದುಹೋದ್ರೆ ದುಡ್ಡೂ ಹೋಯ್ತು, ಕೂಲಿಯೂ ಹೋಯ್ತು.

ವಿವರಣೆ ಓದೋಕೆ ಚೆನ್ನಾಗಿದೆ ಅನ್ನೋದು ಪರೀಕ್ಷೆ ಅಲ್ಲ. ನಾನಾದ್ರೆ ಜನ ಮಾತಾಡೋ ಹಾಗೇ ಐವತ್ತು ಪ್ರಶ್ನೆ ಬರೆದು, ಪ್ರತಿಯೊಂದಕ್ಕೂ ಸರಿಯಾದ ನಡೆ ಯಾವುದು ಅಂತ ಮೊದಲೇ ಗುರುತು ಹಾಕ್ತೀನಿ. ಬರೀ "ಬೇಗೂರು" ಅಂದ್ರೆ "ಯಾವ ತಾಲ್ಲೂಕು?" ಅಂತ ತಿರುಗಿ ಕೇಳಬೇಕು. ಹತ್ತಿ ರೇಟು ಕೇಳಿದ್ರೆ ಈ ಟೂಲ್ ಮುಟ್ಟಲೇಬಾರದು. ಆಮೇಲೆ ಮಾಡೆಲ್ ಅದೇ ಇಟ್ಟು, ವಿವರಣೆ ಮಾತ್ರ ಬದಲಿಸಿ ಓಡಿಸೋದು. ಅದೂ ನಾಲ್ಕೈದು ಸಲ, ಯಾಕಂದ್ರೆ ಒಂದೇ ಪ್ರಶ್ನೆಗೆ ಸಲಕ್ಕೊಂದು ತರ ಆಡೋದು ಇದರ ಚಾಳಿ. ಒಂದಷ್ಟು ಪ್ರಶ್ನೆ ಬಚ್ಚಿಟ್ಟಿರ್ತೀನಿ. ಅವುಗಳಲ್ಲೂ ಗೆದ್ರೇನೇ ಹೊಸ ವಿವರಣೆ ಆ್ಯಪ್‌ಗೆ ಹೋಗೋದು.