ಗೆಲುವು ಯಾರ ಲೆಕ್ಕಕ್ಕೆ?

ರೇಡಿಯೋದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆಯನ್ನು ಕೇಳುತ್ತ ಕಾಗದದ ಮೇಲೆ ರನ್ನು, ವಿಕೆಟ್ಟುಗಳನ್ನು ಗುರುತು ಹಾಕಿಕೊಳ್ಳುವ ಅಭ್ಯಾಸ ನಿಮ್ಮಲ್ಲಿ ಹಲವರಿಗೆ ಉಂಟು. ಬೌಲರು ಎಷ್ಟು ಓವರು ಎಸೆದ, ಎಷ್ಟು ರನ್ನು ಕೊಟ್ಟ, ಎಷ್ಟು ವಿಕೆಟ್ಟು ಪಡೆದ ಎಂಬಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಪಂದ್ಯದ ಗೆಲುವನ್ನೇ ಒಬ್ಬ ಬೌಲರಿನ ಹೆಸರಿಗೆ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಅಮೆರಿಕದ ಬೇಸ್‌ಬಾಲ್ ಆಟದಲ್ಲಾದರೋ ಅದು ಉಂಟು.

ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ತಂಡ ಗೆದ್ದರೆ ಗೆಲುವು, ಸೋತರೆ ಸೋಲು, ಒಬ್ಬ ಪಿಚರನ ಖಾತೆಗೆ ಸೇರುತ್ತದೆ. ಗೆಲುವುಗಳನ್ನು ಗೆಲುವು-ಸೋಲುಗಳ ಮೊತ್ತದಿಂದ ಭಾಗಿಸಿದರೆ ಬರುವುದೇ ಆತನ ಗೆಲುವಿನ ಪ್ರಮಾಣ. ದೇವನಹಳ್ಳಿಗೆ ಸಮೀಪದ ಆವತಿಯ ಬಯಲಿನಲ್ಲಿ ಹುಡುಗನೊಬ್ಬ ಹೀಗೆ ಹತ್ತು ಆಟ ಆಡಿ, ಆರನ್ನು ಗೆದ್ದು ನಾಲ್ಕನ್ನು ಸೋತನೆಂದು ಇಟ್ಟುಕೊಳ್ಳಿ. ಅವನ ಪ್ರಮಾಣ ಶೇಕಡ 60.

ಲೆಕ್ಕವೇನೋ ಸುಲಭ. ಆದರೆ ಅದು ಹೇಳುವುದೇನು? ವೃತ್ತಿ ಬೇಸ್‌ಬಾಲಿನ ಆರಂಭಕಾಲದ ಒಂದು ಉದಾಹರಣೆ ನೋಡೋಣ. 1876ರಲ್ಲಿ ನ್ಯಾಷನಲ್ ಲೀಗ್ ಮೊದಲ ಬಾರಿಗೆ ನಡೆದಾಗ ಷಿಕಾಗೋ ತಂಡ 52 ಪಂದ್ಯಗಳನ್ನು ಗೆದ್ದು 14ನ್ನು ಸೋತಿತು, ಶೇಕಡ 78.8. ಅದರ ಪಿಚರ್ ಆಲ್ಬರ್ಟ್ ಸ್ಪಾಲ್ಡಿಂಗ್ ಗೆದ್ದದ್ದು 47, ಸೋತದ್ದು 12; ಶೇಕಡ 79.7. ಎರಡು ಅಂಕಿಗಳೂ ಹೆಚ್ಚುಕಡಿಮೆ ಒಂದೇ! ಕಾರಣ ಸ್ಪಷ್ಟ. ಒಬ್ಬನೇ ಪಿಚರ್ ಬಹುಪಾಲು ಪಂದ್ಯಗಳ ಭಾರ ಹೊರುತ್ತಿದ್ದ ಕಾಲ ಅದು. ಆ ವರ್ಷ ಲೀಗಿನ ಅಗ್ರ ದಾಂಡಿಗನಾದ ರಾಸ್ ಬಾರ್ನ್ಸ್ ಕೂಡ ಅದೇ ತಂಡದವನು. ಬಾರ್ನ್ಸ್ ಹೊಡೆದ ಹೊಡೆತದ ಫಲವೂ ಸ್ಪಾಲ್ಡಿಂಗನ ಖಾತೆಗೇ ಜಮೆಯಾಯಿತು.

ಇದೇ ಅಳತೆಗೋಲನ್ನು ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರಿಗೆ ಹಿಡಿಯೋಣವೆ? ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಅವರು 242 ಟೆಸ್ಟ್ ವಿಕೆಟ್ಟುಗಳನ್ನು ಪಡೆದರು. ಅವರು ಆಡಿದ 58 ಟೆಸ್ಟುಗಳಲ್ಲಿ ಭಾರತ ಗೆದ್ದದ್ದು 14 ಮಾತ್ರ. ಇಷ್ಟನ್ನೇ ನೋಡಿದವರು ಅವರನ್ನು ಸಾಮಾನ್ಯ ಬೌಲರೆಂದಾರು. ಆದರೆ ಆ 14 ಗೆಲುವುಗಳಲ್ಲಿ ಅವರ ಪಾಲು 98 ವಿಕೆಟ್ಟು, ಪಂದ್ಯಕ್ಕೆ ಏಳರಂತೆ! ಒಟ್ಟಾರೆ ಒಂದು ವಿಕೆಟ್ಟಿಗೆ 29.74 ರನ್ನು ಕೊಟ್ಟವರು, ಗೆದ್ದ ಪಂದ್ಯಗಳಲ್ಲಿ ಕೊಟ್ಟದ್ದು 19.27 ಮಾತ್ರ.

1971ರಲ್ಲಿ ಓವಲ್ ಮೈದಾನದಲ್ಲಿ ಅವರು 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗಲೂ, ಗೆಲುವಿಗೆ ಬೇಕಾದ 173 ರನ್ನುಗಳನ್ನು ಇತರರು ಹೊಡೆಯಬೇಕಾಯಿತು.

ಆದ್ದರಿಂದ, ಆವತಿಯ ಆ ಹುಡುಗನನ್ನು ತಂಡಕ್ಕೆ ಆರಿಸುವ ಹೊಣೆ ನಿಮ್ಮದಾದರೆ, ಎಷ್ಟು ಗೆದ್ದೆ ಎಂದಷ್ಟೇ ಕೇಳಬೇಡಿ. ಎಷ್ಟು ರನ್ನು ಕೊಟ್ಟೆ, ಯಾರನ್ನು ಔಟು ಮಾಡಿದೆ, ನಿನ್ನ ಕಡೆಯವರು ಎಷ್ಟು ಹೊಡೆದರು ಎಂದೂ ಕೇಳಿ. ದುರ್ಬಲ ತಂಡದಲ್ಲಿ ಸೋಲುತ್ತಿರುವವನೇ ಒಳ್ಳೆಯ ಬೌಲರು ಆಗಿರಬಹುದು.